ಊಟದ ಕೋಣೆಯ ಮುದುಕಿ

ಶನಿವಾರ ಬೆಳಿಗ್ಗೆ ಬಲ್ಮಠದ ವಿಮಾ ಕಚೇರಿಯಲ್ಲಿ ತನ್ನ ಮೇಜಿನೆದುರು ಕೂತು ಚಿತ್ತರಂಜನ ಒಬ್ಬ ಮುದುಕಿಯನ್ನು ಊಟದ ಕೋಣೆಯಿಂದ ಹೊರಗೆ ಕಳಿಸುವುದು ಹೇಗೆಂದು ಯೋಚಿಸುತ್ತಿದ್ದ. ಮುದುಕಿ ಜೀವ ಇದ್ದವಳಲ್ಲ. ದೇರೆಬೈಲಿನ ಅವನ ಮನೆಯ ಟಿವಿಯೊಳಗೆ, ಕಪ್ಪು ಪರದೆಯ ಮೇಲೆ ಬಿಳಿ ಗೆರೆಗಳಲ್ಲಿ ಬರೆದ ಒಂದು ಹಳೆಯ ಇಂಗ್ಲಿಷ್ ಬಂಗಲೆ ಇತ್ತು. ಅದರ ಊಟದ ಕೋಣೆಯಲ್ಲಿ, ಉದ್ದ ಮೇಜಿನ ತುದಿಯ ಕುರ್ಚಿಯಲ್ಲಿ ಅವಳು ಕೂತಿದ್ದಳು. ಅವಳ ಬೆನ್ನ ಹಿಂದೆ ಒಂದು ಸಣ್ಣ ಬಾಗಿಲು. ಆ ಬಾಗಿಲ ಕಡೆ ಹೆಜ್ಜೆ ಇಟ್ಟರೆ ತಿರುಗುತ್ತಾಳೆ, ಪರದೆ ಕೆಂಪಾಗುತ್ತದೆ, ನೀವು ಸತ್ತಿರಿ ಎಂದು ಇಂಗ್ಲಿಷಿನಲ್ಲಿ ಬರುತ್ತದೆ. ಅಡುಗೆಮನೆಯಿಂದ ಊಟದ ತಟ್ಟೆ ತಂದು ಮುಂದಿಟ್ಟರೆ ಮುಟ್ಟುವುದಿಲ್ಲ. ನಿಮ್ಮನ್ನೇ ನೋಡುತ್ತಾಳೆ, ನೋಡಿ ನೋಡಿ ಕೊನೆಗೆ ಕೈ ಚಾಚುತ್ತಾಳೆ, ಮತ್ತೆ ಸಾವು. ಕನ್ನಡಿ ತೋರಿಸಿ ಆಯಿತು, ದೀಪ ಹಚ್ಚಿ ಆಯಿತು, ಕಬ್ಬಿಣದ ಸರಳಿನಿಂದ ಹೊಡೆದೂ ಆಯಿತು. ಸತ್ತವಳನ್ನು ಇನ್ನೊಮ್ಮೆ ಹೊಡೆದರೆ ಏನಾಗಬೇಕು. ಟಿವಿಗೆ ಸಿಕ್ಕಿಸಿ ಆಟ ಆಡುವ ಆ ಕಂಪ್ಯೂಟರ್ ಯಂತ್ರ, ಹಾರ್ಮೋನಿಯಂನ ಮುಚ್ಚಳದಷ್ಟು ಅಗಲದ, ಕೀಲಿಗಳಿರುವ ಕರಿ ಹಲಗೆ, ಅವನದ್ದಲ್ಲ. ಹೆಂಡತಿ ಉಮಾವತಿಯ ಸೋದರಮಾವನ ಮಗ ಮೋಹನದಾಸ ರಜೆಯಲ್ಲಿ ಬರುವಾಗ ಬಹರೈನಿನಿಂದ ತಂದದ್ದು. ಉಳ್ಳಾಲದ ತನ್ನ ಮನೆಯಲ್ಲಿ ಟಿವಿ ಇಲ್ಲವೆಂದು ಮೂರು ವಾರದಿಂದ ಇವರಲ್ಲಿಟ್ಟಿದ್ದ. ನಾಳೆ ಅವನು ಬೊಂಬಾಯಿ ಬಸ್ಸು ಹತ್ತುತ್ತಾನೆ. ಇವತ್ತು ಸಂಜೆ ಬಂದು ಯಂತ್ರ ಕಟ್ಟಿಕೊಂಡು ಹೋಗುತ್ತಾನೆ. ಅಷ್ಟರೊಳಗೆ ಆ ಸಣ್ಣ ಬಾಗಿಲನ್ನು ತಾನು ತೆರೆಯಬೇಕು. ಉಮಾವತಿಯೂ ಅಲ್ಲ, ಮೋಹನದಾಸನೂ ಅಲ್ಲ, ತಾನು.

ಇದನ್ನು ಬಾಯಿಬಿಟ್ಟು ಯಾರಿಗೂ ಹೇಳುವ ಹಾಗಿರಲಿಲ್ಲ. ನಲವತ್ತೊಂದು ವರ್ಷದ, ಸೆಕ್ಷನ್ನಿನ ಹತ್ತು ಜನ ಎದ್ದು ನಿಂತು ಮಾತಾಡಿಸುವ ಮನುಷ್ಯ. ಪಕ್ಕದ ಮೇಜಿನ ಸಂಕಪ್ಪ ಎಂದಿನಂತೆ ಇಂಗ್ಲಿಷ್ ಪೇಪರನ್ನು ಮಡಚಿ ತಂದು ಎದುರಿಗಿಟ್ಟು, 'ಸಾರ್, ಏಳು ಅಡ್ಡ ಆಗುದಿಲ್ಲ, ನೀವೇ ನೋಡ್ಬೇಕು' ಎಂದ. ಹದಿನಾರು ವರ್ಷದಿಂದ ಈ ಕಚೇರಿಯಲ್ಲಿ ಪದಬಂಧವೆಂದರೆ ಚಿತ್ತರಂಜನ. ಚಹಾ ಬರುವುದರೊಳಗೆ ಅರ್ಧ, ಕುಡಿದು ಮುಗಿಯುವುದರೊಳಗೆ ಉಳಿದರ್ಧ. ಬಿಡಿಸುವುದಕ್ಕಿಂತ ಹೆಚ್ಚಾಗಿ, ಬಿಡಿಸುವುದನ್ನು ಸಂಕಪ್ಪ ಬಾಯಿ ಬಿಟ್ಟು ನೋಡುವುದು ಅವನಿಗೆ ಇಷ್ಟ. ಇವತ್ತು ಏಳು ಅಡ್ಡವನ್ನು ನೋಡಿದರೆ ಅಕ್ಷರಗಳು ಕೂಡಿ ಬರಲೇ ಇಲ್ಲ. 'ಎಂತ ಸಾರ್, ಹುಷಾರಿಲ್ವಾ?' ಎಂದು ಸಂಕಪ್ಪ ಕೇಳಿದ. ಕಾಳಜಿಯಿಂದಲೇ ಕೇಳಿದ್ದು, ಆದರೆ ಚಿತ್ತರಂಜನನಿಗೆ ಮೈ ಉರಿಯಿತು. 'ಎಲ್ಲ ನಾನೇ ಬಿಡಿಸಿದ್ರೆ ನಿಮಗೆಂತ ಕೆಲಸ?' ಎಂದ. ಸಂಕಪ್ಪ ಪೇಪರು ಎತ್ತಿಕೊಂಡು ಹೋದ. ಹೋಗುವಾಗ ಮಡಿಕೆಯನ್ನು ನೇರ ಮಾಡಿಕೊಳ್ಳುತ್ತಿದ್ದ ಅವನ ಬೆರಳುಗಳನ್ನು ನೋಡಿ ಬೇಜಾರಾಯಿತು, ಕರೆದು ಏನಾದರೂ ಹೇಳೋಣವೆನ್ನಿಸಿತು, ಆದರೆ ಎದುರಿನ ಫೈಲು ಎಳೆದುಕೊಂಡ.

ಉಮಾವತಿ ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳು. ಆಟಕ್ಕೆ ಬೇಕಾದದ್ದು ತೆರೆ, ತೆಗೆ, ಇಡು, ಹೋಗು, ಕಾಯು ಎಂಬಂಥ ಇಪ್ಪತ್ತು ಮೂವತ್ತು ಇಂಗ್ಲಿಷ್ ಶಬ್ದಗಳು. ಅವನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದಳು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಬಂಗಲೆಯ ನಕ್ಷೆ ಬರೆದು ಟಿವಿಯ ಪಕ್ಕದ ಗೋಡೆಗೆ ಅಂಟಿಸಿದ್ದಳು: ಮೆಟ್ಟಿಲು, ಪುಸ್ತಕದ ಕೋಣೆ, ನೆಲಮಾಳಿಗೆ, ಗೊಂಬೆಗಳ ಕೋಣೆ. ಮೂಲೆಯಲ್ಲಿ ಊಟದ ಕೋಣೆ, ಅಲ್ಲಿಗೆ ನಿಂತಿತ್ತು. ಸಂಜೆ ಐದೂವರೆಗೆ ಅವನು ಗೇಟು ತೆಗೆಯುವಾಗ ಒಳಗಿನಿಂದ ಇಬ್ಬರ ನಗು ಕೇಳುತ್ತಿತ್ತು. ಮೋಹನದಾಸ ಬೆತ್ತದ ಕುರ್ಚಿಯಲ್ಲಿ, ಅವಳು ಚಾಪೆಯ ಮೇಲೆ ಕಾಲು ಮಡಚಿ, ತೊಡೆಯ ಮೇಲೆ ಆ ಕರಿ ಹಲಗೆ. ತಾನು ಬಂದ ಕೂಡಲೇ ನಗು ನಿಂತಿದ್ದರೆ ಅದಕ್ಕೊಂದು ಅರ್ಥವಿರುತ್ತಿತ್ತು, ಜಗಳಕ್ಕೊಂದು ದಾರಿ ಇರುತ್ತಿತ್ತು. ನಿಲ್ಲುತ್ತಿರಲಿಲ್ಲ. 'ಬನ್ನಿ ಅಣ್ಣ, ನಿಮ್ಮ ಹೆಂಡತಿ ಗೊಂಬೆಯ ಹೊಟ್ಟೆಯೊಳಗೆ ಬೀಗದ ಕೈ ಹುಡುಕಿದ್ಳು ನೋಡಿ' ಎಂದು ಅವನು ಜಾಗ ಮಾಡಿಕೊಡುತ್ತಿದ್ದ, ಚಿತ್ತರಂಜನನ ಮನೆಯಲ್ಲಿ ಚಿತ್ತರಂಜನನಿಗೆ. ಮಾವನ ಮಗ, ಅವಳಿಗೆ ಮದುವೆಯಾಗಬಹುದಾದ ವರಸೆ. ಮದುವೆಯ ಮನೆಗಳಲ್ಲಿ ಹೆಂಗಸರು ಈಗಲೂ 'ನಿನ್ನ ಮೋನು ಬಾವ ಇದ್ದಾನಲ್ಲಾ' ಎಂದು ಅವಳನ್ನು ತಮಾಷೆ ಮಾಡುವುದುಂಟು, ಅವಳೂ ನಗುತ್ತಾಳೆ. ಹೆಂಡತಿಯ ಬಾವ ಸಂಬಂಧದಲ್ಲಿ ತನಗೆ ತಮ್ಮನಾಗುತ್ತಾನೆ. ತಮ್ಮನೆಂದರೆ ತಾನು ಕೂತ ಕುರ್ಚಿಯಲ್ಲಿ ಕೂರಬಹುದಾಗಿದ್ದವನು ಎಂದೇ ಅರ್ಥವೆಂದು ಈ ಮೂರು ವಾರಗಳಲ್ಲಿ ಅವನಿಗೆ ಹೊಳೆದಿತ್ತು. ಆದರೆ ಇಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಅವನನ್ನು ತಿನ್ನುತ್ತಿದ್ದದ್ದು ಬೇರೆ. ಬೀಗದ ಕೈ ಗೊಂಬೆಯ ಹೊಟ್ಟೆಯೊಳಗಿದೆಯೆಂದು ಮೋಹನದಾಸನಿಗೂ ತಿಳಿದಿರಲಿಲ್ಲ, ತನಗೂ ತಿಳಿಯುತ್ತಿರಲಿಲ್ಲ, ಅವಳಿಗೆ ತಿಳಿದಿತ್ತು.

ಶನಿವಾರವಾದ್ದರಿಂದ ಒಂದು ಗಂಟೆಗೇ ಕಚೇರಿ ಬಿಟ್ಟವನಿಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮೊದಲ ವಾರ ಉಮಾವತಿ ಅವನನ್ನೂ ಆಟಕ್ಕೆ ಕರೆದಿದ್ದಳು. 'ನೀವೂ ಬನ್ನಿ, ಕೂತ್ಕೊಳ್ಳಿ, ನಿಮಗೆ ಇದೆಲ್ಲ ಬೇಗ ಗೊತ್ತಾಗ್ತದೆ' ಎಂದು ಚಾಪೆಯಲ್ಲಿ ಪಕ್ಕಕ್ಕೆ ಸರಿದಿದ್ದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ಅವನು ಬಹಳ ವರ್ಷದಿಂದ ನೋಡಿರಲಿಲ್ಲ, ಅದು ತನ್ನಿಂದ ಬಂದದ್ದಲ್ಲವೆಂದು ಅವನಿಗೆ ಸಿಟ್ಟು. 'ಮಕ್ಕಳಾಟ' ಎಂದುಬಿಟ್ಟ. ಮದುವೆಯಾಗಿ ಒಂಬತ್ತು ವರ್ಷ, ಡಾಕ್ಟರು, ಹರಕೆ, ಎಲ್ಲ ಮುಗಿದು ಇಬ್ಬರೂ ಆ ವಿಷಯವನ್ನೇ ಎತ್ತದಂತೆ ಬದುಕಲು ಕಲಿತ ಮನೆಯಲ್ಲಿ ಆ ಶಬ್ದ. ಅವಳು ಕೀಲಿಯ ಮೇಲಿದ್ದ ಬೆರಳನ್ನು ತೆಗೆಯಲಿಲ್ಲ, ಒತ್ತಲೂ ಇಲ್ಲ. ಮೋಹನದಾಸ ಕೆಮ್ಮಿ, ಟಿವಿಯ ಗುಂಡಿ ತಿರುಗಿಸಿ ಚಿತ್ರ ಸರಿಮಾಡುವ ಹಾಗೆ ಮಾಡಿದ. ಆಗಲೇ ಕ್ಷಮೆ ಕೇಳಬೇಕಿತ್ತು. ಕೇಳದೇ ಇದ್ದದ್ದಕ್ಕೆ ಮಾತು ಬಿಡಬೇಕಾಯಿತು, ತಪ್ಪು ಅವಳದ್ದೇ ಎಂಬ ಹಾಗೆ. ಅದಾಗಿ ಹದಿನೈದು ದಿನ. ಊಟ ಆಯಿತು, ಅಂಗಿ ಎಲ್ಲಿ, ನಾನು ಬರುವಾಗ ತಡ, ಇಷ್ಟರಲ್ಲೇ ದಿನ ಕಳೆಯುತ್ತಿತ್ತು. ಮೊನ್ನೆ ಗುರುವಾರ ಅವಳು ಹೊಲಿಗೆ ಕ್ಲಾಸಿಗೆ ಹೋಗುವ ಹೊತ್ತು ನೋಡಿ ಅರ್ಧ ದಿನದ ರಜೆ ಹಾಕಿ, ತನ್ನ ಮನೆಗೆ ಕಳ್ಳನ ಹಾಗೆ ಹಿತ್ತಿಲ ಬಾಗಿಲಿನಿಂದ ಬಂದಿದ್ದ. ಆಟ ಇದ್ದದ್ದು ಕ್ಯಾಸೆಟ್ಟಿನಲ್ಲಿ. ಟೇಪ್ ರೆಕಾರ್ಡರಿನಲ್ಲಿ ಹಾಕಿ ತಿರುಗಿಸಿದರೆ ಐದು ನಿಮಿಷ ಕಿರುಚಿ ಆಮೇಲೆ ಬಂಗಲೆ ಮೂಡುತ್ತಿತ್ತು. ಎಲ್ಲಿಗೆ ಮುಟ್ಟಿದ್ದೇವೆಂಬುದನ್ನೂ ಅದರಲ್ಲೇ ತುಂಬಿಡಬಹುದು. ಅವಳು ತುಂಬಿಟ್ಟ ಊಟದ ಕೋಣೆಯಿಂದ ಶುರುಮಾಡಿ ಒಂದೂವರೆ ಗಂಟೆಯಲ್ಲಿ ಹನ್ನೊಂದು ಸಲ ಸತ್ತ. ಹನ್ನೆರಡನೆಯ ಸಲಕ್ಕೆ ಗೇಟಿನ ಸದ್ದಾಗಿ, ಎಲ್ಲವನ್ನೂ ಕಿತ್ತು, ಕ್ಯಾಸೆಟ್ಟನ್ನು ಮೊದಲಿಗೆ ತಿರುಗಿಸದೇ ಇಟ್ಟು, ಈಗಷ್ಟೇ ಬಂದವನ ಹಾಗೆ ಜಗಲಿಯಲ್ಲಿ ಕೂತ. ಅವಳು ಒಳಗೆ ಹೋಗಿ ಬಂದು ಅವನ ಮುಖವನ್ನೊಮ್ಮೆ ನೋಡಿದಳು.

ಮನೆಗೆ ಬಂದರೆ ಕೋಳಿ ಸಾರಿನ ಪರಿಮಳ ಅಂಗಳದವರೆಗೆ. ಆಟಿ ತಿಂಗಳು, ಸತ್ತವರಿಗೆ, ಅಂದರೆ ಮನೆಯ ಕುಲೆಗಳಿಗೆ, ಎಲೆ ಹಾಕಿ ಬಡಿಸುವ ತಿಂಗಳು. ಅವನ ಅಮ್ಮನಿಗೆ ಬಡಿಸುವುದು ಪ್ರತಿ ವರ್ಷ ಅಕ್ಕನ ಮನೆಯಲ್ಲಿ. ತಾಯಿಯ ಕಾರ್ಯ ಮಗಳ ಕಡೆಗೆ. ಈ ವರ್ಷ ಮಾತ್ರ ಉಮಾವತಿ ಗುರುವಾರ ರಾತ್ರಿ ಊಟದ ಹೊತ್ತಿಗೆ, 'ಶನಿವಾರ ಮಧ್ಯಾಹ್ನ ಅತ್ತೆಗೆ ಇಲ್ಲಿಯೂ ಒಂದೆಲೆ ಬಡಿಸ್ತೇನೆ' ಎಂದಿದ್ದಳು. ಅವನು ಹೂಂ ಅಂದಿದ್ದ. ಮೋಹನದಾಸ ಹೊರಡುವ ದಿನವೇ ಕೋಳಿ ಕೊಯ್ಯಬೇಕೆಂದು ಇವಳಿಗೆ ಆಸೆ, ಅದಕ್ಕೆ ನನ್ನ ಅಮ್ಮನ ಹೆಸರು, ಎಂದು ಆ ರಾತ್ರಿಯೆಲ್ಲ ಉರಿದುಕೊಂಡಿದ್ದ. ಈಗ ಸ್ನಾನ ಮಾಡಿ ಬಂದು ನೋಡಿದರೆ ಒಳಕೋಣೆಯಲ್ಲಿ ಒಂದು ಬಾಳೆ ಎಲೆ. ನೀರುದೋಸೆ, ಕೋಳಿ ಸಾರು, ಅನ್ನ, ಒಣಮೀನಿನ ಚಟ್ನಿ. ಎಲೆಯ ಪಕ್ಕ ವೀಳ್ಯ, ಅದರ ಮೇಲೆ ಒಂದು ಚೂರು ಹೊಗೆಸೊಪ್ಪು. ಹೊಗೆಸೊಪ್ಪಿನ ಚೂರನ್ನು ಅಮ್ಮ ಹಾಗೆಯೇ, ಉಗುರಿನಿಂದ ಚಿವುಟಿ, ಎಲೆಯ ತೊಟ್ಟಿನ ಹತ್ತಿರ ಇಡುತ್ತಿದ್ದಳು. ಅದನ್ನು ಇವಳು ಯಾವಾಗ ನೋಡಿಟ್ಟುಕೊಂಡಳೋ. ಉಮಾವತಿ ಖಾಲಿ ಮಣೆಗೆ ಕೈ ಮುಗಿದು, 'ಅತ್ತೆ, ಬನ್ನಿ, ಉಣ್ಣಿ' ಎಂದು ಮನೆಗೆ ಬಂದವರಿಗೆ ಹೇಳುವ ಧ್ವನಿಯಲ್ಲೇ ಹೇಳಿ, ಇಬ್ಬರೂ ಹೊರಬಂದ ಮೇಲೆ ಬಾಗಿಲು ಎಳೆದುಕೊಂಡಳು. ಅವನ ಕನ್ನಡಕ ಒಳಗೇ ಉಳಿದಿತ್ತು. ಅವನು ಬಾಗಿಲ ಕಡೆ ತಿರುಗಿದಾಗ ಅವಳು ಮಣಿಕಟ್ಟು ಹಿಡಿದಳು. ಹದಿನೈದು ದಿನದಲ್ಲಿ ಮೊದಲ ಸಲ ಅವಳ ಕೈ. 'ಈಗ ಹೋಗ್ಬೇಡಿ. ನಾವು ಎದುರು ನಿಂತು ನೋಡ್ತಾ ಇದ್ರೆ ಅವರು ಉಣ್ಣುದು ಹೇಗೆ?'

ಬಾಗಿಲ ಹೊರಗೆ ಇಬ್ಬರೂ ನಿಂತಿದ್ದರು. ಏಳೆಂಟು ವರ್ಷದವನಿದ್ದಾಗ ಹೀಗೇ ಮುಚ್ಚಿದ ಬಾಗಿಲ ಸಂದಿಗೆ ಕಣ್ಣಿಟ್ಟು, ಅಜ್ಜ ಬಂದು ಉಣ್ಣುತ್ತಾನೋ ಎಂದು ನೋಡಲು ಹೋಗಿ ಅಮ್ಮನ ಕೈಯಿಂದ ಬೆನ್ನಿಗೆ ಬಿದ್ದ ಏಟು, ಆಮೇಲೆ ಅದೇ ಕೈ ಬೆನ್ನು ಸವರಿದ್ದು ನೆನಪಾಯಿತು. 'ನೋಡಬಾರದು ಮಗ, ಅವರಿಗೆ ನಾಚಿಕೆ ಆಗ್ತದೆ' ಎಂದಿದ್ದಳು. ನಾಚಿಕೆ. ನೋಡುತ್ತಿದ್ದರೆ ಮುಟ್ಟುವುದಿಲ್ಲ. ನಿಮ್ಮನ್ನೇ ನೋಡುತ್ತಾಳೆ. ಚಿತ್ತರಂಜನನ ಕಣ್ಣೆದುರು ಟಿವಿಯ ಮುದುಕಿ ಬಂದು ಕೂತಳು. ತಟ್ಟೆ ಇಡಬೇಕು, ಹೊರಗೆ ಬರಬೇಕು, ಬಾಗಿಲು ಮುಚ್ಚಬೇಕು, ಕಾಯಬೇಕು. ಇಷ್ಟು ಸುಲಭ. ಸತ್ತ ತಾಯಿ ಬಾಗಿಲಾಚೆ ಉಣ್ಣುತ್ತಿರುವಾಗ ಮಗನಾದವನು ಟಿವಿಯ ಮುದುಕಿಯ ಲೆಕ್ಕ ಹಾಕುತ್ತಿದ್ದಾನೆಂದು ಗೊತ್ತಾಗಿ ನಾಚಿಕೆಯಾಯಿತು, ಆದರೆ ಆ ನಾಚಿಕೆಗಿಂತ ಖುಷಿ ದೊಡ್ಡದಿತ್ತು. ಉಮಾವತಿಯನ್ನು ಓರೆಗಣ್ಣಿನಿಂದ ನೋಡಿದ. ಅವಳಿಗೆ ಹೊಳೆದ ಹಾಗೆ ಕಾಣಲಿಲ್ಲ. ನೆಲ ನೋಡುತ್ತ ನಿಂತಿದ್ದಳು. ಬಡಿಸಿದವಳು ಅವಳು, ಕೈ ಹಿಡಿದು ನಿಲ್ಲಿಸಿದವಳು ಅವಳು, ಆದರೂ ಎರಡನ್ನೂ ಜೋಡಿಸಲು ತಲೆ ಬೇಕಲ್ಲ. ಅವಳು ಎರಡು ಸಲ ಕೆಮ್ಮಿ, ಒಳಗಿನವರಿಗೆ ಎದ್ದು ಹೋಗಲು ಹೊತ್ತು ಕೊಟ್ಟು, ಬಾಗಿಲು ತೆರೆದಳು. ಊಟಕ್ಕೆ ಕೂತಾಗ ಕೋಳಿಯ ರುಚಿ ಅವನಿಗೆ ತಿಳಿಯಲೇ ಇಲ್ಲ.

ಊಟದ ಪಾತ್ರೆ ತೊಳೆದಾದ ಮೇಲೆ ಅವಳು ಸೀರೆ ಬದಲಿಸಿ ಬಂದು, 'ಗ್ಲ್ಯಾಡಿಸ್ ಬಾಯಿಯಲ್ಲಿಗೆ ಹೋಗಿ ಬರ್ತೇನೆ, ಹೊಲಿದ ರವಕೆ ಕೊಡ್ಲಿಕ್ಕುಂಟು. ನಾಲ್ಕೂವರೆ ಆಗ್ತದೆ' ಎಂದಳು. ಎರಡು ಮನೆ ಆಚೆಗೆ ಹೋಗಲು ಎರಡು ಗಂಟೆ ಯಾಕೆಂದು ಬೇರೆ ದಿನವಾದರೆ ಮನಸ್ಸಿನಲ್ಲಾದರೂ ಕೇಳಿಕೊಳ್ಳುತ್ತಿದ್ದ. ಇವತ್ತು ಗೇಟು ಮುಚ್ಚುವ ಸದ್ದಿಗೇ ಕಾದಿದ್ದ. ಅದೃಷ್ಟಕ್ಕೆ ತಂತಿಗಳೆಲ್ಲ ಸಿಕ್ಕಿಸಿಯೇ ಇದ್ದವು, ಕ್ಯಾಸೆಟ್ಟು ಮೊದಲಿಗೆ ತಿರುಗಿಸಿ ರೆಕಾರ್ಡರಿನೊಳಗೇ ಇತ್ತು. ಚಾಪೆಯ ಮೇಲೆ ಅವಳು ಕೂರುವ ಜಾಗದಲ್ಲಿ ಕೂತು, ಕರಿ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಊಟದ ಕೋಣೆ ಮೂಡಿತು, ಮುದುಕಿ ಮೂಡಿದಳು. ತಟ್ಟೆ ಇಟ್ಟ. ಅವಳು ನೋಡಿದಳು. ಹೊರಗೆ ಬಂದ, ಬಾಗಿಲು ಮುಚ್ಚಿದ, ಕಾಯು ಎಂದು ಬರೆದ. ಸಮಯ ಹೋಗುತ್ತದೆ ಎಂದು ಬಂತು. ಇನ್ನೊಮ್ಮೆ ಕಾದ. ಮೂರನೆಯ ಸಲ ಕಾಯುವ ಮೊದಲು ತಾನು ನಿಜವಾಗಿಯೂ ಕೆಮ್ಮಿದ್ದು ಗೊತ್ತಾಗಿ ಒಬ್ಬನೇ ನಕ್ಕ. ಬಾಗಿಲು ತೆರೆದರೆ ತಟ್ಟೆ ಖಾಲಿ, ಕುರ್ಚಿ ಖಾಲಿ. ಸಣ್ಣ ಬಾಗಿಲು ತಳ್ಳಿದ. ಒಂದು ಇಳಿಜಾರು ಮೆಟ್ಟಿಲು, ಒಂದು ಪಾಳುಬಿದ್ದ ಹೂದೋಟ, ಒಂದು ಗೇಟು, ಮತ್ತೆ ಪರದೆಯ ತುಂಬ ಹಳದಿ ಬಣ್ಣ. ಬೆಳಗಾಗಿದೆ, ನೀವು ಹೊರಗೆ ಬಂದಿರಿ ಎಂದಿತ್ತು. ಇನ್ನೇನಾದರೂ ಇದೆಯೋ ಎಂದು ಸ್ವಲ್ಪ ಹೊತ್ತು ನೋಡಿದ. ಇರಲಿಲ್ಲ. ಯಾರಿಗಾದರೂ ಈಗಲೇ ಹೇಳಬೇಕೆನ್ನಿಸಿತು, ಸಂಕಪ್ಪನಾದರೂ ಇಲ್ಲಿರಬೇಕಿತ್ತು. ಎದ್ದು ಜೇಬಿನ ಪೆನ್ನು ತೆಗೆದು ಗೋಡೆಯ ನಕ್ಷೆಯಲ್ಲಿ ಊಟದ ಕೋಣೆಯಿಂದಾಚೆಗೆ ಮೆಟ್ಟಿಲು, ತೋಟ, ಗೇಟು ಎಲ್ಲವನ್ನೂ ಶಾಯಿಯಲ್ಲಿ ಬರೆದ. ಆ ಜಾಗದಲ್ಲಿ ಪೆನ್ಸಿಲಿನಿಂದ ಮೊದಲೇ ಏನೋ ಬರೆದು ರಬ್ಬರಿನಿಂದ ಉಜ್ಜಿದ ಗುರುತಿತ್ತು. ತಪ್ಪು ಊಹಿಸಿ ಅಳಿಸಿರಬೇಕು ಎಂದುಕೊಂಡ, ಅದೂ ಅವನಿಗೆ ಖುಷಿಯನ್ನೇ ಕೊಟ್ಟಿತು.

ನಾಲ್ಕೂಕಾಲಿಗೆ ಮೋಹನದಾಸ ಬಂದ. ಚಪ್ಪಲಿ ಕಳಚುವ ಮೊದಲೇ ಅತ್ತರಿನ ವಾಸನೆ ಒಳಗೆ ಬಂತು. ಚಿತ್ತರಂಜನ ಪೇಪರಿನಿಂದ ತಲೆ ಎತ್ತದೆ, ಈ ಒಂದು ಗಂಟೆಯಲ್ಲಿ ಹತ್ತು ಸಲ ಹೇಳಿ ನೋಡಿಕೊಂಡಿದ್ದ ಸದರದ ಧ್ವನಿಯಲ್ಲಿ, 'ನಿಮ್ಮ ಆ ಮುದುಕಿಯನ್ನು ಕಳಿಸಿ ಆಯ್ತು ಮಾರಾಯ. ಪೂರ್ತಿ ಮುಗೀತು' ಎಂದ. ಮೋಹನದಾಸ ಟಿವಿಯನ್ನು ನೋಡಿದ, ನಕ್ಷೆಯ ಶಾಯಿಯನ್ನು ನೋಡಿದ, ಮುಖ ಅರಳಿಸಿ ನಕ್ಕ. 'ಅಣ್ಣ, ನೀವೂ ಆಡಿದ್ರಾ. ಒಳ್ಳೆದಾಯ್ತು. ಊಟ ಇಟ್ಟು ಬಾಗಿಲು ಹಾಕಿ ಹೊರಗೆ ನಿಲ್ಲುದು, ಅಲ್ವಾ? ನಾನು ಬಹರೈನಿನಲ್ಲಿ ಆರು ತಿಂಗಳು ತಲೆ ಕೆರೆದುಕೊಂಡೆ. ನಾವು ಹುಟ್ಟಿದಾಗಿಂದ ನೋಡಿದ್ದೇ, ಆದ್ರೂ ತಲೆಗೆ ಬರ್ಲಿಲ್ಲ ನೋಡಿ. ಉಮಾ ಬುಧವಾರ ಹತ್ತು ನಿಮಿಷದಲ್ಲಿ...' ಅಷ್ಟು ಹೇಳುವಾಗ ಬಾಗಿಲಲ್ಲಿ ಉಮಾವತಿ ಬಂದು ನಿಂತಿದ್ದಳು. 'ಇಲ್ಲ ಬಾವ' ಎಂದಳು ಅವಳು, 'ನಾನು ಸುಮ್ಮನೆ ಬಾಯಲ್ಲಿ ಹೇಳಿದ್ದು, ಮಾಡಿ ನೋಡ್ಲಿಲ್ಲ. ದಾಟಿದ್ದು ಇವರೇ.' ಮೋಹನದಾಸ ಅವಳ ಮುಖ ನೋಡಿದ, ಆಮೇಲೆ ಇವನ ಮುಖ ನೋಡಿದ. 'ಹೌದಾ? ಹಾಗಾದ್ರೆ ಗೆದ್ದದ್ದು ಅಣ್ಣನೇ' ಎಂದು ಬಗ್ಗಿ ತಂತಿಗಳನ್ನು ಕೀಳತೊಡಗಿದ. ಅವನು ಗೇಲಿ ಮಾಡಿದ್ದರೆ ಚಿತ್ತರಂಜನ ಉಳಿಯುತ್ತಿದ್ದ. ಅವನು ಕನಿಕರಪಟ್ಟ. ಕಾಫಿ ಕುಡಿದು, ಒಂದು ತುಂಡು ಕೋಳಿಯನ್ನು ನಿಂತುಕೊಂಡೇ ಬಾಯಿಗೆ ಹಾಕಿ, ಯಂತ್ರವನ್ನು ಹಳೆಯ ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಇಬ್ಬರ ಕಾಲಿಗೂ ಬಾಗುವ ಹಾಗೆ ಮಾಡಿ ಹೊರಟ. ಆಟೋ ತಿರುವು ದಾಟುವವರೆಗೆ ಉಮಾವತಿ ಗೇಟಿನಲ್ಲಿದ್ದಳು. ಒಳಗೆ ಬಂದು ಚಾಪೆಯ ತುದಿ ನೇರ ಮಾಡಿದಳು.

'ನಿನಗೆ ಮೊದಲೇ ಗೊತ್ತಿತ್ತು' ಎಂದ ಅವನು. 'ಗೊತ್ತಿತ್ತು.' 'ನೀನು ಆಡಿಯೂ ಮುಗಿಸಿದ್ದೆ.' 'ಬುಧವಾರ ಮುಗ್ಸಿದೆ. ನಕ್ಷೆಯಲ್ಲಿ ಬರೆದದ್ದನ್ನು ಅವತ್ತೇ ನೀವು ಬರುವ ಮೊದಲು ಅಳಿಸಿದೆ.' 'ಹಾಗಾದರೆ ಅಮ್ಮನಿಗೆ ಬಡಿಸಿದ್ದು ಈ ನಾಟಕಕ್ಕಾ?' ಅವಳು ತಲೆ ಎತ್ತಿದಳು. ಇಷ್ಟು ಹೊತ್ತಿನಲ್ಲಿ ಮೊದಲ ಸಲ ಸಿಟ್ಟು ಕಂಡಿತು. 'ಅತ್ತೆಗೆ ಬಡಿಸಿದ್ದು ಅತ್ತೆಗೇ. ಅದ್ರಲ್ಲಿ ಆಟ ಇಲ್ಲ. ನಿಮ್ಮ ಕೈ ಹಿಡ್ದು ಹೊರಗೆ ನಿಲ್ಲಿಸಿದ್ದು ಮಾತ್ರ ಬೇಕಂತ.' ಯಾಕೆಂದು ಅವಳೇ ಹೇಳಿದಳು. 'ಗುರುವಾರ ನೀವು ಬಂದು ಆಡಿದ್ದು ನೋಡಿದೆ. ಹೊಲಿಗೆ ಕ್ಲಾಸು ಇರ್ಲಿಲ್ಲ, ಬೇಗ ಬಂದೆ, ಕಿಟಕಿಯಿಂದ ಕಾಣ್ತಿತ್ತು. ಸತ್ತು ಸತ್ತು ನಿಮ್ಮ ಬೆನ್ನೆಲ್ಲ ಬೆವರಿತ್ತು. ಪಾಪ ಅನ್ನಿಸ್ತು, ತಿರುಗಿ ಹೋಗಿ ಗೇಟಿನ ಸದ್ದು ಮಾಡಿ ಬಂದೆ. ಹದಿನೈದು ದಿನ ಆಯ್ತು ನೀವು ನನ್ನೊಟ್ಟಿಗೆ ಮಾತಾಡದೆ. ಗೆದ್ರೆ ಮಾತಾಡ್ತೀರೇನೋ ಅಂತ ಎಣಿಸಿದೆ.' ಚಾಪೆಯ ಒಂದು ಬದಿಯಲ್ಲಿ ಕಾಲು ಮಡಚಿ ಕೂತಳು. 'ಈಗ ಗೆದ್ದಿರಲ್ಲಾ. ಮಾತಾಡಿ.'

ಹೇಳಬೇಕಾದ ಮಾತು ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ದೊಡ್ಡದೂ ಅಲ್ಲ, ಕಷ್ಟದ್ದೂ ಅಲ್ಲ. ಆ ದಿನ ಹಾಗೆ ಅಂದದ್ದು ತಪ್ಪಾಯಿತು, ಅಷ್ಟೇ. ಅವಳು ಅದಕ್ಕೇ ಕಾದಿದ್ದಾಳೆಂದೂ ಗೊತ್ತಿತ್ತು. ತನ್ನನ್ನು ಕಿಟಕಿಯಿಂದ ನೋಡಿ ಪಾಪವೆಂದುಕೊಂಡವಳು, ಗೆದ್ದದ್ದನ್ನು ಅಳಿಸಿ ತನಗಾಗಿ ಜಾಗ ಬಿಟ್ಟವಳು, ಎರಡು ಗಂಟೆ ಗ್ಲ್ಯಾಡಿಸ್ ಬಾಯಿಯ ಮನೆಯಲ್ಲಿ ಸುಮ್ಮನೆ ಕೂತು ಬಂದವಳು. ಇಂಥ ಹೆಂಡತಿ ಯಾರಿಗುಂಟು ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು, ಕಣ್ಣು ತುಂಬಿತು. ಕೂರಲೆಂದು ಚಾಪೆಯ ಹತ್ತಿರ ಬಂದ. ಬಾಯಿ ತೆರೆದ.

'ನನಗಿಂತ ಮೊದಲು ಅವನಿಗೆ ಯಾಕೆ ಹೇಳಿದ್ದು?'

ಉಮಾವತಿ ಅವನನ್ನು ನೋಡಿದಳು. ಆ ಮುಖದಲ್ಲಿ ಏನೋ ಒಂದು ನಿಧಾನವಾಗಿ ಮುಗಿಯುವುದು ಅವನಿಗೆ ಕಾಣುತ್ತಿತ್ತು, ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಎದ್ದು ಚಾಪೆ ಸುತ್ತಿ ಗೋಡೆಗೆ ಒರಗಿಸಿ ಅಡುಗೆಮನೆಗೆ ಹೋದಳು. ಕೇಳಬಾರದಿದ್ದ ಒಂದೇ ಪ್ರಶ್ನೆಯನ್ನು ಕೇಳಿದ್ದೇನೆಂದು ಚಿತ್ತರಂಜನನಿಗೆ ತಿಳಿದಿತ್ತು. ಆದರೂ ಅವನು ಅಲ್ಲೇ ನಿಂತಿದ್ದ. ಅವನಿಗೆ ಉತ್ತರ ಬೇಕಿತ್ತು.